ಪುಷ್ಯ ಮಳೆಯಲ್ಲಿ ಪುಷ್ಯದ ನಕ್ಷತ್ರಗಳು: ಗಯಾ ಆರ್ಕೈವ್ ಬಳಸಿದ ಎರಡು ವರ್ಷ

ನಮ್ಮ ತೀರ್ಥಹಳ್ಳಿಯಲ್ಲಿ ಜೂನ್‌ನಲ್ಲಿ ಒಮ್ಮೆ ಮೋಡ ಮುಚ್ಚಿತೆಂದರೆ ನಕ್ಷತ್ರ ನೋಡಲು ಹೆಚ್ಚುಕಡಿಮೆ ದಸರಾ ತನಕ ಕಾಯಬೇಕು. ಪುಷ್ಯ ಮಳೆ ಹೊತ್ತಿಗಂತೂ ಹಗಲಲ್ಲೇ ದೀಪ ಹಾಕಿಕೊಂಡು ಪಾಠ ಮಾಡುತ್ತೇವೆ. ಜುಲೈ 20ರ ಸುಮಾರಿಗೆ ಶುರುವಾಗಿ ಆಗಸ್ಟ್ ಮೊದಲ ದಿನಗಳವರೆಗೆ ಇರುವ ಈ ಮಳೆಗೆ ಆ ಹೆಸರು ಬಂದಿರುವುದು ಸೂರ್ಯ ಆಗ ಪುಷ್ಯ ನಕ್ಷತ್ರದಲ್ಲಿ ಇರುವುದರಿಂದ. ಅಂದರೆ ಒಂದು ತುಂಡು ಮೋಡ ಇಲ್ಲದಿದ್ದರೂ ಆ ದಿನಗಳಲ್ಲಿ ಪುಷ್ಯ ಕಣ್ಣಿಗೆ ಬೀಳುವುದಿಲ್ಲ. ಸೂರ್ಯನ ಜೊತೆಗೇ ಹುಟ್ಟಿ ಅವನ ಜೊತೆಗೇ ಮುಳುಗುತ್ತದೆ. ಎರಡು ವರ್ಷದಿಂದ ನಾನು ಮತ್ತು ನನ್ನ ಬಿ.ಎಸ್‌ಸಿ. ಕೊನೆ ವರ್ಷದ ಮಕ್ಕಳು ಸರಿಯಾಗಿ ಅದೇ ದಿನಗಳಲ್ಲಿ ಕೂತು ಪುಷ್ಯದ ನಕ್ಷತ್ರಗಳ ಬೆಳಕು ಮತ್ತು ಬಣ್ಣವನ್ನು ಹೋಲಿಸುತ್ತಿದ್ದೇವೆ. ಅದಕ್ಕೆ ನಾವು ಬಳಸಿದ್ದು ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಗಯಾ ಆರ್ಕೈವ್, ಅಂದರೆ ಗಯಾ ಉಪಗ್ರಹ ಅಳೆದ ನಕ್ಷತ್ರಗಳ ಅಂಕಿಗಳ ಸಂಗ್ರಹ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವರಿಗೆ, ಮನೆಯಲ್ಲಿ ಸಣ್ಣ ದೂರದರ್ಶಕ ಇಟ್ಟುಕೊಂಡವರಿಗೆ ಇದು ಎಷ್ಟು ಉಪಯೋಗಕ್ಕೆ ಬರುತ್ತದೆ ಎಂದು ನನ್ನ ಅನುಭವದಿಂದ ಹೇಳುತ್ತೇನೆ.

ಪುಷ್ಯದಲ್ಲಿರುವ ಮಸುಕಾದ ಬೆಳಕಿನ ತೇಪೆಯನ್ನು ಊರ ಹೊರಗಿನ ಕತ್ತಲಲ್ಲಿ ಬರಿಗಣ್ಣಿಂದಲೇ ನೋಡಬಹುದು. ಬೈನಾಕ್ಯುಲರ್ ಹಿಡಿದರೆ ಹತ್ತಾರು ನಕ್ಷತ್ರಗಳಾಗಿ ಒಡೆಯುತ್ತದೆ. ಇಂಥದ್ದನ್ನು ತೆರೆದ ನಕ್ಷತ್ರಗುಚ್ಛ ಎನ್ನುತ್ತಾರೆ. ಕೃತ್ತಿಕೆ ಇನ್ನೊಂದು. ರೋಹಿಣಿಯ ಸುತ್ತ ಇಂಗ್ಲಿಷಿನ ವಿ ಅಕ್ಷರದ ಹಾಗೆ ಕಾಣುವುದು ಮತ್ತೊಂದು. ಒಂದೇ ಅನಿಲದ ಮೋಡದಿಂದ ಒಟ್ಟಿಗೆ ಹುಟ್ಟಿದ ನಕ್ಷತ್ರಗಳು ಇವು. ವಯಸ್ಸು ಒಂದೇ, ದೂರ ಹೆಚ್ಚುಕಡಿಮೆ ಒಂದೇ, ಹುಟ್ಟುವಾಗ ಸಿಕ್ಕ ಸಾಮಗ್ರಿಯೂ ಒಂದೇ. ಬೇರೆ ಇರುವುದು ತೂಕ ಮಾತ್ರ. ಹಾಗಾಗಿ ಒಂದು ಗುಚ್ಛದ ಎಲ್ಲ ನಕ್ಷತ್ರಗಳ ಬಣ್ಣವನ್ನು ಅಡ್ಡಕ್ಕೆ, ಬೆಳಕನ್ನು ಉದ್ದಕ್ಕೆ ಇಟ್ಟು ಚುಕ್ಕಿ ಹಾಕುತ್ತಾ ಹೋದರೆ ಒಂದು ಗೆರೆ ಮೂಡುತ್ತದೆ. ತೂಕ ಹೆಚ್ಚಿರುವ ನಕ್ಷತ್ರಗಳು ಬೇಗ ಉರಿದು ಗೆರೆ ಬಿಟ್ಟು ಹೋಗುವುದರಿಂದ, ಆ ಗೆರೆ ಮೇಲ್ತುದಿಯಲ್ಲಿ ಎಲ್ಲಿ ಬಾಗುತ್ತದೆ ಎಂದು ನೋಡಿದರೆ ಗುಚ್ಛದ ವಯಸ್ಸು ತಿಳಿಯುತ್ತದೆ. ಇದು ಪಠ್ಯಪುಸ್ತಕದಲ್ಲಿ ಅರ್ಧ ಪುಟ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಿದ್ದರು. ಅವರ ಕೈಯಲ್ಲೇ ಆ ಗೆರೆ ಹಾಕಿಸಬೇಕು ಎನ್ನುವುದು ನನ್ನ ಬಹಳ ವರ್ಷದ ಆಸೆ.

ಮೊದಲು ನಾವೇ ಅಳೆಯಲು ಹೋದೆವು. ಒಂದು ಜನವರಿಯಲ್ಲಿ ಕಾಲೇಜಿನ ತಾರಸಿ ಮೇಲೆ ಕ್ಯಾಮೆರಾ ಇಟ್ಟು ಕೃತ್ತಿಕೆಯ ಚಿತ್ರ ತೆಗೆದೆವು. ಮರುದಿನ ರಾತ್ರಿ ಮತ್ತೆ ತೆಗೆದೆವು. ಅದೇ ಕ್ಯಾಮೆರಾ, ಅದೇ ಲೆನ್ಸ್. ಎರಡನೇ ರಾತ್ರಿ ತುಂಗೆಯ ಕಡೆಯಿಂದ ತೆಳ್ಳಗೆ ಮಂಜು ಎದ್ದಿತ್ತು, ಕಣ್ಣಿಗೆ ಗೊತ್ತಾಗದಷ್ಟು. ಲೆಕ್ಕ ಹಾಕಿದಾಗ ಅದೇ ನಕ್ಷತ್ರಗಳು 0.15 ಮ್ಯಾಗ್ನಿಟ್ಯೂಡ್‌ನಷ್ಟು ಮಂಕಾಗಿದ್ದವು. ಮ್ಯಾಗ್ನಿಟ್ಯೂಡ್ ಎನ್ನುವುದು ನಕ್ಷತ್ರದ ಬೆಳಕಿನ ಅಳತೆ, ಅಂಕಿ ಹೆಚ್ಚಾದಷ್ಟೂ ನಕ್ಷತ್ರ ಮಂಕು. ನಕ್ಷತ್ರವೇನೂ ಬದಲಾಗಿಲ್ಲ, ನಮ್ಮ ಗಾಳಿ ಬದಲಾಗಿತ್ತು. ಪಕ್ಕದಲ್ಲೇ ಇರುವ ಬೆಳಕು ಗೊತ್ತಿರುವ ನಕ್ಷತ್ರಗಳ ಜೊತೆ ಹೋಲಿಸಿ ಇದನ್ನು ಸರಿಮಾಡಬಹುದು, ಮಾಡಿದೆವು ಕೂಡ. ಆದರೆ ಎರಡು ತಿಂಗಳ ನಂತರ ಆಕಾಶದ ಇನ್ನೊಂದು ಕಡೆ ಇರುವ ಪುಷ್ಯವನ್ನು ಅಳೆದು ಕೃತ್ತಿಕೆಯ ಪಕ್ಕ ಇಟ್ಟಾಗ, ಎರಡರ ನಡುವೆ ಕಂಡ ವ್ಯತ್ಯಾಸ ನಕ್ಷತ್ರಗಳದ್ದೋ ನಮ್ಮ ಅಳತೆಯದ್ದೋ ಹೇಳುವ ದಾರಿ ಇರಲಿಲ್ಲ.

ಇದು ನಮ್ಮೊಬ್ಬರದೇ ಕಷ್ಟ ಅಲ್ಲ. ಗುಚ್ಛಗಳ ಬಗ್ಗೆ ವೆಬ್ಡಾ ಎನ್ನುವ ಹಳೆಯ, ಬಹಳ ಒಳ್ಳೆಯ ಸಂಗ್ರಹ ಇದೆ. ಸ್ವಿಟ್ಜರ್ಲೆಂಡಿನ ಜಾನ್-ಕ್ಲೋಡ್ ಮೆರ್ಮಿಲಿಯೋ ಅದನ್ನು ಕಟ್ಟಿದರು. ಆಮೇಲೆ ಅರ್ನ್‌ಸ್ಟ್ ಪೌನ್ಜೆನ್ ನೋಡಿಕೊಂಡರು. ಪ್ರಕಟವಾದ ಅಳತೆಗಳನ್ನು ಅಷ್ಟು ತಾಳ್ಮೆಯಿಂದ ಒಂದು ಕಡೆ ತಂದವರಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಆ ಅಳತೆಗಳು ಬಂದಿರುವುದು ಹತ್ತಾರು ದೂರದರ್ಶಕಗಳಿಂದ, ಬೇರೆ ಬೇರೆ ದಶಕಗಳಲ್ಲಿ. ಕೆಲವು ಫೋಟೋ ಫಲಕದ ಮೇಲೆ ಅಳೆದದ್ದು, ಕೆಲವು ದ್ಯುತಿವಿದ್ಯುತ್ ಉಪಕರಣದಿಂದ, ಕೆಲವು ಬೆಳಕನ್ನು ಹಿಡಿಯುವ ಸಿಸಿಡಿ ಎನ್ನುವ ಎಲೆಕ್ಟ್ರಾನಿಕ್ ಚಿಪ್‌ನಿಂದ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಹಾಕಿದರೆ ಗೆರೆ ದಪ್ಪಗಾಗುತ್ತದೆ. ಒಬ್ಬೊಬ್ಬರ ಸೇರು ಒಂದೊಂದು ಅಳತೆಯದಾದರೆ ಸಂತೆಯಲ್ಲಿ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ.

ಗಯಾ ಈ ಕಷ್ಟವನ್ನು ಬುಡದಲ್ಲೇ ತೆಗೆದುಹಾಕಿದೆ. 2013ರ ಡಿಸೆಂಬರ್ 19ರಂದು ಹಾರಿದ ಈ ಉಪಗ್ರಹ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು, ಆರು ಗಂಟೆಗೆ ಒಂದು ಸುತ್ತಿನಂತೆ ತಿರುಗುತ್ತಾ, 2025ರ ಜನವರಿ 15ರವರೆಗೆ ಇಡೀ ಆಕಾಶವನ್ನು ಮತ್ತೆ ಮತ್ತೆ ಅಳೆಯಿತು. ಒಳಗೆ ಎರಡು ದೂರದರ್ಶಕ. ಎರಡರ ಬೆಳಕೂ ಬೀಳುವುದು 106 ಸಿಸಿಡಿಗಳಿರುವ ಒಂದೇ ಹಲಗೆಯ ಮೇಲೆ. ಒಂದೇ ನಕ್ಷತ್ರ ಈ ವರ್ಷ ಈ ಸಿಸಿಡಿಯ ಮೇಲೆ ಹಾದುಹೋದರೆ ಮುಂದಿನ ಸಲ ಇನ್ನೊಂದರ ಮೇಲೆ ಹಾದುಹೋಗುತ್ತದೆ. ಹೀಗೆ ಕೋಟಿಗಟ್ಟಲೆ ನಕ್ಷತ್ರಗಳು ಓಡಾಡುವಾಗ ಯಾವ ಸಿಸಿಡಿ ಸ್ವಲ್ಪ ಮಂದ, ಯಾವುದು ಚುರುಕು ಎಂದು ನಕ್ಷತ್ರಗಳಿಂದಲೇ ತಿಳಿಯುತ್ತದೆ. ಅದನ್ನು ತಿದ್ದಿ ಎಲ್ಲ ಅಳತೆಗಳನ್ನೂ ಒಂದೇ ಮಟ್ಟಕ್ಕೆ ತರುತ್ತಾರೆ. ಶುರುವಿನಲ್ಲಿ ಕನ್ನಡಿಗಳ ಮೇಲೆ ನೀರಿನ ಮಂಜುಗಡ್ಡೆ ತೆಳ್ಳಗೆ ಕೂತು ಬೆಳಕು ಕಡಿಮೆಯಾಯಿತು. ಬಿಸಿ ಮಾಡಿ ಮಾಡಿ ಅದನ್ನು ಕರಗಿಸಬೇಕಾಯಿತು. ನಮ್ಮ ತಾರಸಿಯ ಮಂಜಿನ ಕಥೆ ಅಲ್ಲೂ ಇತ್ತು ಎಂದು ಹೇಳಿದಾಗ ಮಕ್ಕಳಿಗೆ ಎಷ್ಟೋ ಸಮಾಧಾನವಾಯಿತು.

ಈಗ ಆರ್ಕೈವ್‌ನಲ್ಲಿ ಸಿಗುವುದು ಮೂರನೇ ಬಿಡುಗಡೆ, 2022ರ ಜೂನ್ 13ರಂದು ಬಂದದ್ದು. 34 ತಿಂಗಳ ಅಳತೆ, ಸುಮಾರು 180 ಕೋಟಿ ಆಕಾಶಕಾಯಗಳು. ಹೆಚ್ಚುಕಡಿಮೆ ಎಲ್ಲಕ್ಕೂ ಜಿ ಎನ್ನುವ ಅಗಲವಾದ ಬಣ್ಣಪಟ್ಟಿಯಲ್ಲಿ ಬೆಳಕಿನ ಅಳತೆ ಇದೆ. ಹೆಚ್ಚಿನವಕ್ಕೆ ನೀಲಿ ಕಡೆಯ ಬಿಪಿ, ಕೆಂಪು ಕಡೆಯ ಆರ್‌ಪಿ ಅಳತೆಗಳೂ ಇವೆ. ಬಿಪಿಯಿಂದ ಆರ್‌ಪಿ ಕಳೆದರೆ ಬಣ್ಣ. ಜೊತೆಗೆ ಸುಮಾರು 146 ಕೋಟಿ ನಕ್ಷತ್ರಗಳಿಗೆ ದೂರ ತಿಳಿಸುವ ಪ್ಯಾರಲಾಕ್ಸ್ (ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಆಚೀಚೆ ಸರಿದಂತೆ ಕಾಣುವ ಕೋನ) ಮತ್ತು ಆಕಾಶದಲ್ಲಿ ಸರಿಯುವ ವೇಗ ಸಿಗುತ್ತದೆ. ದುಡ್ಡು ಕೊಡಬೇಕಿಲ್ಲ. ಹೆಸರು ನೋಂದಾಯಿಸದೆಯೂ ಬಳಸಬಹುದು.

ನಾವು ಮಾಡಿದ್ದು ಇಷ್ಟು. ಕೃತ್ತಿಕೆಯ ನಡುವನ್ನು ಹಿಡಿದು ಸುತ್ತಲೂ ಎರಡು ಡಿಗ್ರಿ ದೂರದೊಳಗಿನ ನಕ್ಷತ್ರಗಳನ್ನು ಕೇಳಿದೆವು. ಆ ದಿಕ್ಕಿನಲ್ಲಿ ಮುಂದೆ, ಹಿಂದೆ ಇರುವುದೆಲ್ಲ ಸೇರಿ ಹತ್ತಾರು ಸಾವಿರ ಸಾಲು. ಇದರಲ್ಲಿ ಕೃತ್ತಿಕೆಯ ಮಕ್ಕಳು ಯಾರು? ಪ್ಯಾರಲಾಕ್ಸ್ 7.4 ಮಿಲಿಆರ್ಕ್‌ಸೆಕೆಂಡಿನ ಆಸುಪಾಸು ಇರಬೇಕು (ಒಂದು ಮಿಲಿಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 36 ಲಕ್ಷದಲ್ಲಿ ಒಂದು ಪಾಲು). ವರ್ಷಕ್ಕೆ ಪೂರ್ವಕ್ಕೆ ಸುಮಾರು 20, ದಕ್ಷಿಣಕ್ಕೆ ಸುಮಾರು 45 ಮಿಲಿಆರ್ಕ್‌ಸೆಕೆಂಡ್ ಸರಿಯುತ್ತಿರಬೇಕು. ಸರಿಯುವ ವೇಗವನ್ನು ಚುಕ್ಕಿ ಹಾಕಿ ನೋಡಿದಾಗ ಹಿನ್ನೆಲೆಯ ನಕ್ಷತ್ರಗಳೆಲ್ಲ ಸೊನ್ನೆಯ ಹತ್ತಿರ ಗುಂಪಾಗಿದ್ದವು. ಕೃತ್ತಿಕೆಯದ್ದು ದೂರದಲ್ಲಿ ಬೇರೆಯೇ ಒಂದು ಗಂಟು. ಬರೀ ಅಂಕಿಗಳಲ್ಲಿ ಒಂದು ಕುಟುಂಬ ಹೀಗೆ ಎದ್ದು ಕಾಣುತ್ತದಲ್ಲ, ಆ ಕ್ಷಣ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಹೊರಗೆ ಹೆಂಚಿನ ಮೇಲೆ ಮಳೆ ಸುರಿಯುತ್ತಲೇ ಇತ್ತು.

ಆ ಗಂಟನ್ನು ಮಾತ್ರ ಆರಿಸಿಕೊಂಡು ಬಣ್ಣ-ಬೆಳಕಿನ ಚಿತ್ರ ಬರೆದೆವು. ಗೆರೆ ಎಷ್ಟು ಸಣ್ಣಗಿತ್ತೆಂದರೆ ಪೆನ್ಸಿಲ್ಲಿನಿಂದ ಎಳೆದ ಹಾಗಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿಯೊಬ್ಬಳು ಗೆರೆಯ ಸ್ವಲ್ಪ ಮೇಲೆ ಇನ್ನೊಂದು ಮಸುಕು ಗೆರೆ ಇದೆ, ಅದು ತಪ್ಪಾ ಎಂದು ಕೇಳಿದಳು. ಅದು ತಪ್ಪಲ್ಲ. ಒಂದರ ಸುತ್ತ ಒಂದು ಸುತ್ತುವ ಅವಳಿ ನಕ್ಷತ್ರಗಳು ಅವು. ಒಂದೇ ತರಹದ ಎರಡು ನಕ್ಷತ್ರ ಸೇರಿ ಒಂದೇ ಚುಕ್ಕಿಯಾಗಿ ಕಂಡರೆ ಬಣ್ಣ ಅದೇ ಇರುತ್ತದೆ, ಬೆಳಕು ಎರಡರಷ್ಟಾಗುತ್ತದೆ. ಎರಡರಷ್ಟು ಎಂದರೆ 0.75 ಮ್ಯಾಗ್ನಿಟ್ಯೂಡ್. ಅವಳು ಸ್ಕೇಲ್ ಇಟ್ಟು ಅಳೆದಳು, ಸರಿಯಾಗಿ ಅಷ್ಟೇ ಇತ್ತು. ಹಳೆಯ ದಪ್ಪ ಗೆರೆಯಲ್ಲಿ ಇದು ಹೂತುಹೋಗುತ್ತಿತ್ತು.

ಆಮೇಲೆ ಪುಷ್ಯ, ಅದರ ನಂತರ ಕರ್ಕಾಟಕ ರಾಶಿಯಲ್ಲೇ ಇರುವ ಎಂ67 ಎನ್ನುವ ಗುಚ್ಛ. ದೂರಗಳು ಬೇರೆ: ಕೃತ್ತಿಕೆ ಸುಮಾರು 440 ಜ್ಯೋತಿರ್ವರ್ಷ, ಪುಷ್ಯದ ಗುಚ್ಛ ಸುಮಾರು 600, ಎಂ67 ಸುಮಾರು 2800. ದೂರದಿಂದಾದ ಮಂಕನ್ನು ತೆಗೆಯಲು ಕೃತ್ತಿಕೆಯ ಜಿ ಅಳತೆಯಿಂದ 5.67, ಪುಷ್ಯದಿಂದ 6.35, ಎಂ67ರಿಂದ 9.7 ಕಳೆದೆವು. ಮೂರನ್ನೂ ಒಂದೇ ಹಾಳೆಯಲ್ಲಿ ಇಟ್ಟೆವು. ಕೆಳಗೆ ಮೂರೂ ಹತ್ತಿರ ಹತ್ತಿರ ಬಂದವು. ಮೇಲೆ ಬೇರೆಯಾದವು. ಹನ್ನೆರಡು ಕೋಟಿ ವರ್ಷದ ಆಸುಪಾಸಿನ ಕೃತ್ತಿಕೆಯಲ್ಲಿ ನೀಲಿ ನಕ್ಷತ್ರಗಳು ಇನ್ನೂ ಉರಿಯುತ್ತಿವೆ. ಅರವತ್ತು ಎಪ್ಪತ್ತು ಕೋಟಿಯ ಪುಷ್ಯದಲ್ಲಿ ಅವು ಮುಗಿದಿವೆ, ಮುದಿಯಾಗಿ ಉಬ್ಬಿದ ಕೆಲವೇ ಕೆಲವು ಕೆಂಪು ದೈತ್ಯಗಳು ಪಕ್ಕಕ್ಕೆ ಸರಿದು ನಿಂತಿವೆ. ಸುಮಾರು 400 ಕೋಟಿ ವರ್ಷದ ಎಂ67ರಲ್ಲಿ ಸೂರ್ಯನಿಗಿಂತ ಸ್ವಲ್ಪ ದಪ್ಪಗಿರುವ ನಕ್ಷತ್ರಗಳೇ ಗೆರೆ ಬಿಟ್ಟು ಹೊರಡುತ್ತಿವೆ. ನಮ್ಮ ಸೂರ್ಯನ ವಯಸ್ಸು 460 ಕೋಟಿ.

ಈಗ ನನಗೆ ಮುಖ್ಯ ಅನಿಸಿದ ಮಾತು. ಕೆಳಗಿನ ಭಾಗದಲ್ಲಿ ಮೂರೂ ಪೂರ್ತಿ ಕೂಡಲಿಲ್ಲ. ಪುಷ್ಯದ ಗೆರೆ ಸ್ವಲ್ಪ ಮೇಲೆ ಇತ್ತು. ಕೃತ್ತಿಕೆಯ ತೀರಾ ಸಣ್ಣ ಕೆಂಪು ನಕ್ಷತ್ರಗಳೂ ಗೆರೆಗಿಂತ ಮೇಲೆ ಇದ್ದವು. ಮಕ್ಕಳು ಅಭ್ಯಾಸಬಲದಿಂದ ಅಳತೆ ತಪ್ಪಿರಬೇಕು ಎಂದರು. ನಮ್ಮ ತಾರಸಿಯ ಚಿತ್ರಗಳಾಗಿದ್ದರೆ ನಾನೂ ಹಾಗೇ ಹೇಳಿ ಮುಂದೆ ಹೋಗುತ್ತಿದ್ದೆ. ಇಲ್ಲಿ ಹಾಗೆ ಹೇಳಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಮೂರನ್ನೂ ಅಳೆದದ್ದು ಒಂದೇ ಕಣ್ಣು. ಹಾಗಾದರೆ ವ್ಯತ್ಯಾಸ ನಕ್ಷತ್ರಗಳಲ್ಲೇ ಇರಬೇಕು. ಹುಡುಕಿದಾಗ ಸಿಕ್ಕಿತು. ಪುಷ್ಯದ ನಕ್ಷತ್ರಗಳಲ್ಲಿ ಕಬ್ಬಿಣದಂಥ ಭಾರದ ಧಾತುಗಳು ಸೂರ್ಯನಿಗಿಂತ ಸ್ವಲ್ಪ ಜಾಸ್ತಿ, ಅದರಿಂದ ಗೆರೆ ಸರಿಯುತ್ತದೆ. ಕೃತ್ತಿಕೆಯ ಪುಟ್ಟ ನಕ್ಷತ್ರಗಳು ಇನ್ನೂ ಕುಗ್ಗಿ ಮುಗಿದಿಲ್ಲ, ಅದಕ್ಕೆ ಅವುಗಳ ಬೆಳಕು ಜಾಸ್ತಿ. ಸರಿಸಮನಾದ ಅಳತೆ ಇದ್ದಾಗ ಸಣ್ಣ ವ್ಯತ್ಯಾಸಕ್ಕೂ ಅರ್ಥ ಬರುತ್ತದೆ. 180 ಕೋಟಿ ಎನ್ನುವ ಸಂಖ್ಯೆಗಿಂತ ಈ ಗುಣಕ್ಕೇ ನಾನು ಗಯಾಗೆ ಪೂರ್ತಿ ಅಂಕ ಕೊಡುತ್ತೇನೆ.

ದೂರದ ಅಳತೆಯ ಬಗ್ಗೆಯೂ ಒಂದು ಮಾತು. ಗಯಾಗಿಂತ ಮುಂಚಿನ ಹಿಪ್ಪಾರ್ಕಸ್ ಉಪಗ್ರಹ ಕೃತ್ತಿಕೆಗೆ ಸುಮಾರು 390 ಜ್ಯೋತಿರ್ವರ್ಷ ಎಂದಿತ್ತು. ಬೇರೆ ವಿಧಾನಗಳೆಲ್ಲ 430ರಿಂದ 440ರ ಸುತ್ತ ಹೇಳುತ್ತಿದ್ದವು. ಎಷ್ಟೋ ವರ್ಷ ಜಗಳ ನಡೆಯಿತು. 2014ರಲ್ಲಿ ರೇಡಿಯೋ ದೂರದರ್ಶಕಗಳ ಅಳತೆ ದೊಡ್ಡ ಸಂಖ್ಯೆಯ ಕಡೆ ನಿಂತಿತು, ಗಯಾವೂ ಅದನ್ನೇ ಹೇಳಿತು. ಇದೇ ಲೆಕ್ಕವನ್ನು ನಮ್ಮ ಮಕ್ಕಳು ಕಾಲೇಜಿನ ಹಳೇ ಕಂಪ್ಯೂಟರಿನಲ್ಲಿ ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಿದರು.

ಇನ್ನು ಎಚ್ಚರ ಇರಬೇಕಾದ ಜಾಗಗಳು. ಜಿ ಅಳತೆ ಬಹಳ ನಂಬಿಕೆಯದು: 17ನೇ ಮ್ಯಾಗ್ನಿಟ್ಯೂಡ್‌ನಲ್ಲಿ ತಪ್ಪು ಸುಮಾರು ಸಾವಿರದಲ್ಲಿ ಒಂದು, 20ರಲ್ಲಿ ಸುಮಾರು 0.006. ಬಿಪಿ ಹಾಗಲ್ಲ. 20ರ ಹೊತ್ತಿಗೆ ಅದರ ತಪ್ಪು 0.1 ಮ್ಯಾಗ್ನಿಟ್ಯೂಡ್ ಆಗುತ್ತದೆ. ಮೇಲಾಗಿ ತೀರಾ ಮಂಕಾದ ಕೆಂಪು ನಕ್ಷತ್ರಗಳ ನೀಲಿ ಬೆಳಕನ್ನು ಅದು ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಹಾಗಾಗಿ ಚಿತ್ರದ ಕೆಳತುದಿಯಲ್ಲಿ ಗೆರೆ ನೀಲಿ ಕಡೆಗೆ ಬಾಗಿದ ಹಾಗೆ ಕಾಣುತ್ತದೆ. ಅದು ನಿಜವಾದ ಬಾಗು ಅಲ್ಲ. ಅಲ್ಲಿ ಜಿಯಿಂದ ಆರ್‌ಪಿ ಕಳೆದು ಬಣ್ಣ ತೆಗೆಯುವುದು ಒಳ್ಳೆಯದು. ಒತ್ತೊತ್ತಾಗಿ ನಕ್ಷತ್ರಗಳಿರುವ ಜಾಗದಲ್ಲೂ ಬಿಪಿ, ಆರ್‌ಪಿಗಳಿಗೆ ಪಕ್ಕದವರ ಬೆಳಕು ಸೇರಿಕೊಳ್ಳುತ್ತದೆ, ಏಕೆಂದರೆ ಅವನ್ನು ಕೂಡಿಸುವ ಕಿಟಕಿ 3.5 ಆರ್ಕ್‌ಸೆಕೆಂಡ್ ಉದ್ದ. ಎಷ್ಟು ಬೆರಕೆಯಾಗಿದೆ ಎಂದು ತಿಳಿಸುವ ಒಂದು ಅಂಕಣವನ್ನು ಆರ್ಕೈವ್‌ನಲ್ಲೇ ಕೊಟ್ಟಿದ್ದಾರೆ. ಮೊದಲ ದಿನವೇ ಅದನ್ನು ಮಕ್ಕಳಿಗೆ ತೋರಿಸಿ. ಮೂರನೇ ಮ್ಯಾಗ್ನಿಟ್ಯೂಡ್‌ಗಿಂತ ಹೊಳೆಯುವ ನಕ್ಷತ್ರಗಳು ಗಯಾಗೆ ಕಣ್ಣು ಕುಕ್ಕುತ್ತವೆ, ಎಷ್ಟೋ ಬಿಟ್ಟುಹೋಗಿವೆ. ಬರಿಗಣ್ಣಿಗೆ ಮೊದಲು ಕಾಣುವುದೇ ಪಟ್ಟಿಯಲ್ಲಿ ಇಲ್ಲದಿದ್ದರೆ ಮಕ್ಕಳಿಗೆ ಗೊಂದಲ ಆಗುತ್ತದೆ, ಮೊದಲೇ ಹೇಳಿಬಿಡಿ.

ಇನ್ನೊಂದು, ಮೈನಸ್ ಪ್ಯಾರಲಾಕ್ಸ್. ದೂರದ ಮಂಕು ನಕ್ಷತ್ರಗಳಲ್ಲಿ ಅಳತೆಯ ತಪ್ಪು ಪ್ಯಾರಲಾಕ್ಸ್‌ಗಿಂತ ದೊಡ್ಡದಾದಾಗ ಹೀಗೆ ಬರುತ್ತದೆ. ಅದನ್ನು ಅಳಿಸಿ ಹಾಕಬಾರದು. ಅಳತೆ ಎಂದರೆ ಏನು ಎಂದು ಹೇಳಿಕೊಡಲು ನನಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಕ್ಕಿಲ್ಲ.

ಬಳಸುವುದು ಸುಲಭವೇ? ಮೊದಲ ವಾರ ಸುಲಭ ಅಲ್ಲ. ಎಡಿಕ್ಯೂಎಲ್ ಎನ್ನುವ ಭಾಷೆಯಲ್ಲಿ ಪ್ರಶ್ನೆ ಬರೆಯಬೇಕು. ಎಲ್ಲವೂ ಇಂಗ್ಲಿಷಿನಲ್ಲಿದೆ, ಅಂಕಣಗಳ ಹೆಸರು ಉದ್ದುದ್ದ. ನಾನು ಹತ್ತು ಮುಖ್ಯ ಅಂಕಣಗಳ ಅರ್ಥವನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆ, ಅಲ್ಲಿಂದ ಕೆಲಸ ಓಡಿತು. ಪೈಥಾನ್ ಪ್ರೋಗ್ರಾಂ ಮೂಲಕ ತಕ್ಷಣದ ಪ್ರಶ್ನೆ ಕಳಿಸಿದರೆ 2000 ಸಾಲು ಮಾತ್ರ ಬರುತ್ತದೆ. ಇದನ್ನು ಸೂಚನೆಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ನಾನು ಓದಿರಲಿಲ್ಲ, ಒಂದು ಇಡೀ ದಿನ ಅರ್ಧ ಗುಚ್ಛವನ್ನೇ ಪೂರ್ತಿ ಗುಚ್ಛ ಎಂದುಕೊಂಡು ಕೆಲಸ ಮಾಡಿದೆವು. ಸರದಿಯಲ್ಲಿ ನಿಲ್ಲುವ ಪ್ರಶ್ನೆಯಾಗಿ ಕಳಿಸಿದರೆ ಆ ಮಿತಿ ಇಲ್ಲ. ಇಳಿಸಿಕೊಂಡ ಫೈಲು ಕೆಲವೇ ಎಂಬಿ. ಮಾರ್ಕ್ ಟೇಲರ್ ಬರೆದ ಟಾಪ್‌ಕ್ಯಾಟ್ ಎನ್ನುವ ಉಚಿತ ತಂತ್ರಾಂಶ ಹಾಕಿಕೊಂಡರೆ ನೆಟ್ ಹೋದರೂ ಚಿತ್ರ ಬರೆಯಬಹುದು. ಮಳೆಗಾಲದ ಮಲೆನಾಡಿಗೆ ಇದು ಸಣ್ಣ ಅನುಕೂಲ ಅಲ್ಲ.

ಸದಸ್ಯರನ್ನು ಆರಿಸುವ ಕಷ್ಟ ಬೇಡ ಎನ್ನುವವರಿಗೆ ಎಮಿಲಿ ಹಂಟ್ ಮತ್ತು ಸಬೈನ್ ರೆಫರ್ಟ್ 2023ರಲ್ಲಿ ಇದೇ ಬಿಡುಗಡೆಯಿಂದ ಮಾಡಿದ 7167 ಗುಚ್ಛಗಳ ಪಟ್ಟಿ ಇದೆ, ಸದಸ್ಯರ ಹೆಸರುಗಳ ಸಮೇತ. ಆದರೆ ಮೊದಲ ಒಂದು ಗುಚ್ಛವನ್ನಾದರೂ ಕೈಯಾರೆ ಆರಿಸಿ ನೋಡಿ. ಹಳೆಯ ಪಟ್ಟಿಗಳಲ್ಲಿದ್ದ ಎಷ್ಟೋ ಗುಚ್ಛಗಳು ಗುಚ್ಛಗಳೇ ಅಲ್ಲ ಎಂದು ಈಗ ಗೊತ್ತಾಗಿದೆ. ಎಂ73ರ ನಾಲ್ಕು ನಕ್ಷತ್ರಗಳು ನಾಲ್ಕು ದಿಕ್ಕಿಗೆ ಹೋಗುತ್ತಿವೆ, ಸುಮ್ನೆ ಒಂದೇ ನೇರದಲ್ಲಿ ಕಂಡವು ಅಷ್ಟೆ.

ಗಯಾಗೆ ಕಾಣದ್ದೂ ಇದೆ. 330 ನ್ಯಾನೋಮೀಟರಿನ ಕೆಳಗಿನ ಅತಿನೇರಳೆ ಬೆಳಕು ಅದಕ್ಕೆ ಸಿಗುವುದಿಲ್ಲ. ಎಂ67ರ ಚಿತ್ರದಲ್ಲಿ ಗೆರೆ ಬಾಗಿದ ಮೇಲೂ ನೀಲಿ ಕಡೆ ಕೆಲವು ನಕ್ಷತ್ರಗಳು ಉಳಿದುಕೊಂಡಿವೆ. ಅವುಗಳ ವಯಸ್ಸಿಗೆ ಅಲ್ಲಿ ಇರಬಾರದು. ನೀಲಿ ಅಲೆಮಾರಿಗಳು ಎಂದು ನಾವು ಕರೆದೆವು. ಅವು ಹೇಗೆ ಉಳಿದವು ಎನ್ನುವುದಕ್ಕೆ ಉತ್ತರ ಬಂದದ್ದು ನಮ್ಮ ಪಕ್ಕದಿಂದಲೇ. 2015ರ ಸೆಪ್ಟೆಂಬರ್ 28ರಂದು ಹಾರಿದ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಯುವಿಐಟಿ ಎನ್ನುವ ಅತಿನೇರಳೆ ದೂರದರ್ಶಕ ಇದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಹೊಸಕೋಟೆಯ ತನ್ನ ಪ್ರಯೋಗಾಲಯದಲ್ಲಿ ಅದನ್ನು ಜೋಡಿಸಿತು. ಅದರಿಂದ ಅನ್ನಪೂರ್ಣಿ ಸುಬ್ರಮಣ್ಯಂ ಮತ್ತು ಜೊತೆಯವರು ತೆರೆದ ಗುಚ್ಛಗಳನ್ನು ಒಂದೊಂದಾಗಿ ನೋಡುತ್ತಾ ಬಂದಿದ್ದಾರೆ. 2019ರಲ್ಲಿ ಎಂ67ರ ಒಂದು ನೀಲಿ ಅಲೆಮಾರಿಯ ಪಕ್ಕದಲ್ಲಿ ಬಿಸಿಯಾದ ಶ್ವೇತಕುಬ್ಜವೊಂದು (ಉರಿದು ಮುಗಿದ ನಕ್ಷತ್ರದ ಉಳಿಕೆ) ಅಡಗಿರುವುದನ್ನು ತೋರಿಸಿದರು. ಮುದಿಯಾದ ಜೊತೆಗಾರ ತನ್ನ ಅನಿಲವನ್ನು ಕೊಟ್ಟು ಇದನ್ನು ಮತ್ತೆ ಹರೆಯಕ್ಕೆ ತಂದಿದೆ. ಹೊಸಕೋಟೆ ಕಡೆಯಿಂದ ಬಂದ ನಮ್ಮ ಹುಡುಗನೊಬ್ಬ ಆ ಪ್ರಬಂಧದ ಚಿತ್ರವನ್ನು ತನ್ನ ಫೋನಿನ ಪರದೆಗೆ ಹಾಕಿಕೊಂಡಿದ್ದಾನೆ.

ನಾಲ್ಕನೇ ಬಿಡುಗಡೆ 2026ರ ಡಿಸೆಂಬರ್‌ನಲ್ಲಿ ಎಂದು ಸಂಸ್ಥೆ ಹೇಳಿದೆ. ಅದರಲ್ಲಿ ಸರಾಸರಿಯ ಜೊತೆಗೆ ಒಂದೊಂದು ಸಲದ ಅಳತೆಯೂ ಇರುತ್ತದೆ, ಮಿನುಗುವ ನಕ್ಷತ್ರಗಳನ್ನು ಹುಡುಕಬಹುದು. ಅಲ್ಲಿಯವರೆಗೆ ನಮಗೆ ರೋಹಿಣಿಯ ಸುತ್ತಲಿನ ಗುಚ್ಛ ಇದೆ. ಈ ಸಲದ ಮಕ್ಕಳು ಅದನ್ನು ಕೇಳಿ ತೆಗೆದುಕೊಂಡಿದ್ದಾರೆ. ಅದು ಕೇವಲ 150 ಜ್ಯೋತಿರ್ವರ್ಷ ದೂರದಲ್ಲಿ, ಆಕಾಶದ ತುಂಬ ಹರಡಿಕೊಂಡಿದೆ. ಹಾಗಾಗಿ ಒಬ್ಬೊಬ್ಬ ಸದಸ್ಯನ ಸರಿಯುವ ವೇಗವೂ ಬೇರೆ ಬೇರೆ ಕಾಣುತ್ತದೆ. ಕೃತ್ತಿಕೆಯ ಹಾಗೆ ಒಂದು ಗಂಟು ಸಿಗುವುದಿಲ್ಲ. ಕೆಂಪಗೆ ಹೊಳೆಯುವ ರೋಹಿಣಿ ನಕ್ಷತ್ರ ಸ್ವತಃ ಆ ಗುಚ್ಛಕ್ಕೆ ಸೇರಿದ್ದೇ ಅಲ್ಲ, 65 ಜ್ಯೋತಿರ್ವರ್ಷದಲ್ಲಿ, ಅರ್ಧ ದಾರಿಗೂ ಈಚೆಗೆ ನಿಂತಿದೆ. ಗೋಡೆಯ ಹಾಳೆಗೆ ಹನ್ನೊಂದನೇ ಅಂಕಣ ಸೇರಿಸಿದ್ದೇನೆ, ನಮ್ಮ ಕಡೆಗೆ ಬರುವ ಇಲ್ಲವೇ ನಮ್ಮಿಂದ ದೂರ ಹೋಗುವ ವೇಗದ್ದು.